ಚಿತ್ರ ಬರೆದಿದ್ದು ಟ್ಯಾಬ್ಲೆಟ್ಟಂತೆ!

ಸಿಟ್ಟು ಬಂದಿದೆ ಕಣ್ರೀ. ಮೂರು ದಿನ ತಡೆದುಕೊಂಡೆ, ಇಳಿಯಲಿಲ್ಲ. ಬರೆದಾದರೂ ಹಗುರಾಗೋಣ ಅಂತ ಕೂತಿದ್ದೇನೆ.

ವಿಷಯ ಇಷ್ಟು. ನಮ್ಮಕ್ಕನ ಮಗಳಿಗೆ ಹನ್ನೊಂದು ವರ್ಷ. ಹೋದ ತಿಂಗಳು ಮನೆಮಂದಿಯೆಲ್ಲ ಬೋರನಕಣಿವೆಗೆ ಹೋಗಿದ್ದೆವು. ಹುಳಿಯಾರಿನ ಹತ್ತಿರ ಸುವರ್ಣಮುಖಿಗೆ ಅಡ್ಡವಾಗಿ ಮೈಸೂರು ಅರಸರ ಕಾಲದಲ್ಲಿ ಕಟ್ಟಿದ ಕಟ್ಟೆ. ನಾವು ಚಿತ್ರಾನ್ನದ ಡಬ್ಬಿ ಬಿಚ್ಚುತ್ತಿದ್ದರೆ ಇವಳು ನನ್ನ ಹಳೇ ಟ್ಯಾಬ್ಲೆಟ್ಟನ್ನು ತೊಡೆ ಮೇಲಿಟ್ಟುಕೊಂಡು ಏನೋ ಗೀಚುತ್ತಿದ್ದಳು. ಮನೆಗೆ ಬಂದು ನೋಡಿದರೆ... ನೆಟ್ಟಗೆ ನಿಂತ ಒಂದು ತೆಂಗಿನಮರ, ಅಷ್ಟೆತ್ತರದಿಂದ ಉದ್ದನೆ ಸ್ಟ್ರಾ ಇಳಿಬಿಟ್ಟು ಕಣಿವೆಯ ನೀರನ್ನೆಲ್ಲ ಹೀರುತ್ತಿದೆ! ಹಿಂದೆ ಉಳಿದ ಮರಗಳು ಬಿಂದಿಗೆ ಹಿಡಿದು ಸಾಲಾಗಿ ನಿಂತಿವೆ. ಮೊದಲು ನಕ್ಕೆ. ಆಮೇಲೆ ನಗು ನಿಂತುಹೋಯಿತು. ಬೋರು ಬತ್ತಿ ಸುಳಿ ಒಣಗಿದ ಮರಗಳು ಅವರ ತೋಟದಲ್ಲೂ ಇವೆ. ಅವಳು ದಿನಾ ನೋಡುವುದು ಅದನ್ನೇ.

ಪ್ರಿಂಟ್ ತೆಗೆಸಿ ಮಕ್ಕಳ ಒಂದು ಚಿತ್ರಸ್ಪರ್ಧೆಗೆ ಕೊಟ್ಟೆವು. ಕಾಗದದ ಮೇಲೇ ಬರೆದಿರಬೇಕು ಅಂತ ನಿಯಮ ಇದ್ದಿದ್ದರೆ ತಕರಾರಿರಲಿಲ್ಲ, ಇರಲಿಲ್ಲ. ತೀರ್ಪುಗಾರರು ನೋಡಿ, "ಇದು ಕಂಪ್ಯೂಟರ್ ಮಾಡಿದ್ದು, ಮಗು ಬರೆದಿದ್ದಲ್ಲ" ಅಂತ ಪಕ್ಕಕ್ಕಿಟ್ಟರು. ದಾರಿಯಲ್ಲಿ ಅವಳು ಕೇಳಿದ್ದು ಒಂದೇ ಮಾತು: "ಮಾಮ, ಹಂಗಾದ್ರೆ ನಾನೇನ್ ಮಾಡ್ದೆ?"

ಅವರ ಅನುಮಾನಕ್ಕೂ ಕಾರಣ ಇದೆ, ಒಪ್ಪುತ್ತೇನೆ. ನಾಲ್ಕು ಪದ ಟೈಪಿಸಿದರೆ ಚಿತ್ರ ಉದುರಿಸುವ ಯಂತ್ರಗಳು 2022ರಿಂದೀಚೆಗೆ ಎಲ್ಲರ ಕೈಗೂ ಬಂದಿವೆ. ಆದರೆ ಅನುಮಾನ ಬಂದರೆ ಕೇಳಬೇಕಲ್ವೇ? ಅವಳು ಬಳಸುವ ಐಬಿಸ್ ಪೇಂಟ್ ಅನ್ನೋ ಆ್ಯಪ್‌ನಲ್ಲಿ ಎಳೆದ ಗೆರೆಗಳನ್ನು ಮೊದಲಿಂದ ಮತ್ತೆ ಓಡಿಸಿ ನೋಡಬಹುದು. ಕಾಗದದಲ್ಲೂ ಸಿಗದ ಸಾಕ್ಷಿ ಅದು! ನಾನು ನೋಡಿದೆ. ಮೊದಲು ಸ್ಟ್ರಾ ಇರಲೇ ಇಲ್ಲ. ಮರಕ್ಕೆ ಏಣಿ ಬರೆದಳು, ಅಳಿಸಿದಳು. ಹಗ್ಗ ಬರೆದಳು, ಅಳಿಸಿದಳು. ಕೊಡ ಬರೆದಳು. ಆಮೇಲೆ ಬಂತು ಸ್ಟ್ರಾ. ಸ್ವಾಮೀ, ಯೋಚನೆ ಅನ್ನೋದು ಇದನ್ನೇ ಅಲ್ಲವೇ?

"ಅಳಿಸಿ ಅಳಿಸಿ ಬರೆಯೋದು ಕಲೆಯಾ?" ಅನ್ನುವವರಿಗೆ ಒಂದು ಮಾತು. ನಾವೆಲ್ಲ ಅಕ್ಷರ ಕಲಿತಿದ್ದು ಸ್ಲೇಟಿನ ಮೇಲೆ, ಎಂಜಲು ಹಚ್ಚಿ ಒರೆಸಿ ಒರೆಸಿ. ನಮ್ಮಮ್ಮ ದಿನಾ ಬೆಳಿಗ್ಗೆ ನಿನ್ನೆಯ ರಂಗೋಲಿ ಗುಡಿಸಿ ಹೊಸದು ಇಡುತ್ತಿದ್ದರು. ಅಳಿಸಬಹುದು ಅನ್ನೋ ಧೈರ್ಯ ಇದ್ದರೇ ಕೈ ಆಟಕ್ಕಿಳಿಯೋದು. ಡ್ರಾಯಿಂಗ್ ಹಾಳೆ ಹಾಳಾದೀತು ಅಂತ ಹೆದರುವ ಮಗು ಗೊತ್ತಿರೋದನ್ನೇ ಬರೆಯುತ್ತೆ.

ದೊಡ್ಡವರ ಹೆಸರು ಹೇಳಿದರೇ ನಮ್ಮವರು ನಂಬೋದು, ಅದನ್ನೂ ಹೇಳಿಬಿಡ್ತೀನಿ. ಇಂಗ್ಲೆಂಡಿನ ಚಿತ್ರಕಾರ ಡೇವಿಡ್ ಹಾಕ್ನಿ ಎಪ್ಪತ್ತು ದಾಟಿದ ಮೇಲೆ ಐಪ್ಯಾಡ್ ಹಿಡಿದರು. ಪೂರ್ವ ಯಾರ್ಕ್‌ಶೈರಿನ ಒಂದು ಹಳ್ಳಿರಸ್ತೆಗೆ 2011ರಲ್ಲಿ ವಸಂತ ಬಂದದ್ದನ್ನು ಅದರಲ್ಲೇ ಬರೆದರು. ಅಂಥ 51 ಚಿತ್ರಗಳನ್ನು ಲಂಡನ್ನಿನ ರಾಯಲ್ ಅಕಾಡೆಮಿ 2012ರಲ್ಲಿ ಗೋಡೆಗೆ ಹಾಕಿತು. ಅವರನ್ನು ಯಾರೂ "ಇದು ಐಪ್ಯಾಡ್ ಬರೆದದ್ದು" ಅಂತ ಮನೆಗೆ ಕಳಿಸಲಿಲ್ಲ. ಅದೇ ರಸ್ತೆಯ ಪಕ್ಕ ಮತ್ತೆ ಮತ್ತೆ ನಿಂತು ನೋಡಿದ್ದು ಅವರ ಕಣ್ಣು.

ಇನ್ನು ಮೊದಲ ಬಹುಮಾನದ ಚಿತ್ರ ಯಾವುದು ಗೊತ್ತೇ? ಎರಡು ಬೆಟ್ಟ, ನಡುವೆ ಸೂರ್ಯ, ಒಂದು ಗುಡಿಸಲು, ಪಕ್ಕದಲ್ಲಿ ಸಮುದ್ರದ ಕಡೆಗೆ ವಾಲಿದ ತೆಂಗಿನಮರ! ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಸಮುದ್ರ ಎಲ್ಲಿದೆ ಸ್ವಾಮಿ? ನಮ್ಮದು ಬಯಲುಸೀಮೆಯ ತೋಟ. ಸಾಲು ಹಿಡಿದು ನೆಟ್ಟ ಮರ, ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗುವ ಕಾಯಿ, ಒಳಗೆ ಉಂಡೆ ಕೊಬ್ಬರಿ. ಆ ಮಗುವಿನ ತಪ್ಪಲ್ಲ ಬಿಡಿ, ಎಲ್ಲರೂ ಕಲಿಸೋದೇ ಅದನ್ನ. ಆದರೆ ಯಾವುದು ಯಂತ್ರದ ಚಿತ್ರ, ಯಾವುದು ಕಣ್ಣಿನ ಚಿತ್ರ? ಬಣ್ಣ ಕಾಗದದ ಮೇಲಿದೆ ಅಂದಮಾತ್ರಕ್ಕೆ ನೋಡಿ ಬರೆದಂತೆ ಆಗುತ್ತದೆಯೇ? ರೆಡಿಮೇಡ್ ಮರ ಬ್ರಶ್ಶಿನಲ್ಲೂ ಬರುತ್ತೆ, ಬಟನ್ನಿನಲ್ಲೂ ಬರುತ್ತೆ. ನಮ್ಮೂರ ಮರ ಮಾತ್ರ ನೋಡಿದವರಿಗಷ್ಟೇ ಬರೋದು. ನಾವು ಬರೆಯದೇ ಹೋದರೆ ಅದನ್ನು ಇನ್ಯಾರೂ ಬರೆಯೋಲ್ಲ.

ನಿನ್ನೆ ಅಕ್ಕನ ಮನೆಗೆ ಹೋಗಿದ್ದೆ. ಟ್ಯಾಬ್ಲೆಟ್ ಬೀರುವಿನ ಮೇಲೆ ಧೂಳು ತಿನ್ನುತ್ತಿತ್ತು. ಅವಳು ನೆಲದ ಮೇಲೆ ಬಿಳಿ ಹಾಳೆ ಹರಡಿಕೊಂಡು ಕೂತಿದ್ದಳು. ಎರಡು ಬೆಟ್ಟ ಆಗಿತ್ತು, ಸೂರ್ಯನಿಗೆ ಬಳೆ ಇಟ್ಟು ಗೆರೆ ಎಳೆಯುತ್ತಿದ್ದಳು.

ಮುಂದಿನ ಸಲ ಬಹುಮಾನ ಬಂದರೂ ಬರಬಹುದು. ಏನಂತೀರಿ, ಖುಷಿಪಡಲಾ?