ಅಮ್ಮನಿಗೆ ಬಂದ ಚೀಟಿ, ಮಗ ಓದಿದ್ದು

ಆದಿತ್ಯವಾರ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಹತ್ತು ನಿಮಿಷ ನಿಂತರೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ಶಾಲೆಯ ಗ್ರೂಪಿನಲ್ಲಿ ಏನೋ ಬಂದಿದೆ. ಮಲಯಾಳದಲ್ಲಿದೆ. ಮಗ ಬಂದ ಮೇಲೆ ಓದಿಸಬೇಕು."

ನಮ್ಮ ಕಾಸರಗೋಡಿನ ಕಡೆ ಇದು ಮಾಮೂಲು. ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ತುಳು, ಅಮ್ಮಂದಿರು ಅಕ್ಷರ ಕಲಿತದ್ದು ಕನ್ನಡದಲ್ಲಿ. ಮಲಯಾಳ ಮಾತಾಡಿದರೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಇಲಾಖೆಯ ಸುತ್ತೋಲೆ ಬರುವುದು ಮಲಯಾಳದಲ್ಲಿ. ಕನ್ನಡ ಮಾಧ್ಯಮದ ಶಾಲೆಯಲ್ಲೂ ಟೀಚರ್ ಎಷ್ಟೋ ಸಲ ಅದನ್ನೇ ಹಾಗೆಯೇ ಮುಂದಕ್ಕೆ ಕಳುಹಿಸುತ್ತಾರೆ. ಟೀಚರಿಗೇ ಕನ್ನಡ ಬಾರದಿದ್ದರಂತೂ ಕೇಳುವುದೇ ಬೇಡ.

ಹಾಗಾಗಿ ಮನೆಗೂ ಶಾಲೆಗೂ ನಡುವಿನ ದುಭಾಷಿ ಯಾರು? ಯಾರ ಬಗ್ಗೆ ದೂರಿದೆಯೋ ಅವನೇ!

ನಾನೂ ಈ ಕೆಲಸ ಮಾಡಿದವನು. ಆರನೇ ಕ್ಲಾಸಿನಲ್ಲಿ ಟೀಚರ್ ನನ್ನ ಪುಸ್ತಕದಲ್ಲಿ ಮೂರು ಸಾಲು ಬರೆದು ಅಮ್ಮನ ಸಹಿ ತರಲು ಹೇಳಿದ್ದರು. "ಓಣಂಗೆ ಪೂಕಳ ಹಾಕಲು ಹೂ ತರಬೇಕಂತೆ" ಎಂದು ಓದಿದೆ. ಅಮ್ಮ ಸಹಿ ಹಾಕಿದರು, ಮರುದಿನ ಒಂದು ಬುಟ್ಟಿ ದಾಸವಾಳವನ್ನೂ ಕೊಟ್ಟು ಕಳುಹಿಸಿದರು. ಹೋಂವರ್ಕ್ ಮಾಡುವುದಿಲ್ಲ ಎಂಬುದು ಅಸಲು ದೂರು.

ನನ್ನದು ನಗುವ ಕತೆಯಾಯಿತು. ನೆರೆಮನೆಯ ಹುಡುಗನದ್ದು ಹಾಗಲ್ಲ. ಅವನಿಗೆ ಬೋರ್ಡು ಕಾಣುವುದಿಲ್ಲ, ಕಣ್ಣು ತೋರಿಸಿ ಎಂದು ಶಾಲೆಯಿಂದ ಎರಡು ಸಲ ಬರೆದು ಕಳುಹಿಸಿದ್ದರು. ಕನ್ನಡಕ ಹಾಕಿದರೆ ಗೆಳೆಯರು ನಗುತ್ತಾರೆಂದು ಅವನು ಬೇರೇನೋ ಓದಿ ಹೇಳಿದ. ಮನೆಯವರು ಮನಸ್ಸಿಲ್ಲ ಎಂಬುದಕ್ಕೆ ಬೇರೆ ಬೈದರು. ಒಂದು ವರ್ಷ ಹಾಗೆಯೇ ಹೋಯಿತು. ಶಾಲೆಯವರ ಲೆಕ್ಕದಲ್ಲಿ ತಾಯಿಗೆ ಕಾಳಜಿಯಿಲ್ಲ, ತಾಯಿಯ ಲೆಕ್ಕದಲ್ಲಿ ಶಾಲೆಯವರು ಏನೂ ಹೇಳಲಿಲ್ಲ. ಇಬ್ಬರೂ ಸುಳ್ಳು ಹೇಳಿದವರಲ್ಲ.

ಪಿಟಿಎ ಸಭೆಯಲ್ಲಿ "ಪೋಷಕರ ಸಹಕಾರ ಬೇಕು" ಎಂಬ ಭಾಷಣ ಕೇಳಿದಾಗಲೆಲ್ಲ ನನಗೆ ಇದೇ ನೆನಪಾಗುತ್ತದೆ. ಸಹಕಾರ ಆಮೇಲಿನ ಮಾತು, ಮೊದಲು ಚೀಟಿ ಅರ್ಥವಾಗಬೇಕು. ಕೇರಳದ 1969ರ ಅಧಿಕೃತ ಭಾಷಾ ಕಾನೂನು ಕನ್ನಡದವರಿಗೆ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡಲು ಅವಕಾಶ ಕೊಟ್ಟಿದೆ. ಹಾಗಿರುವಾಗ ನಮ್ಮ ಮಕ್ಕಳ ಶಾಲೆಯಿಂದ ನಾಲ್ಕು ಸಾಲು ಕನ್ನಡ ಕೇಳುವುದು ಅಧಿಕಪ್ರಸಂಗವಲ್ಲ.

ಕೇಳಲು ಜಾಗವೂ ಇದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಸರಕಾರಿ ಶಾಲೆಯ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರು. ನಮ್ಮ ತಾಯಂದಿರು ಅಲ್ಲಿಗೆ ಹೋಗುವುದು ಕಡಿಮೆ. ಮಧ್ಯಾಹ್ನ ಎರಡು ಗಂಟೆಗೆ ಸಭೆ ಇಟ್ಟರೆ ಬೀಡಿ ಕಟ್ಟುವವರು ಅರ್ಧ ದಿನದ ಸಂಪಾದನೆ ಬಿಟ್ಟು ಬರಬೇಕು. ಬಂದು ಕುಳಿತರೆ ಚರ್ಚೆಯೆಲ್ಲ ಮಲಯಾಳದ ಕಡತ ಹಿಡಿದು. ಮತ್ತೆ ಯಾಕೆ ಬರುತ್ತಾರೆ?

ಟೀಚರುಗಳನ್ನು ಮಾತ್ರ ದೂರಲು ನನಗೆ ಮನಸ್ಸಿಲ್ಲ. ಅವರ ತಲೆಯ ಮೇಲೆ ಊಟದ ಲೆಕ್ಕ, ಆನ್‌ಲೈನ್ ಫಾರ್ಮು ಎಲ್ಲ ಇದೆ. ಆದರೆ ನಮ್ಮ ಯುವಜನರಲ್ಲಿ ಎರಡೂ ಲಿಪಿ ಬರುವವರು ಎಷ್ಟು ಮಂದಿ! ವಾರ್ಡಿಗೆ ಇಬ್ಬರು ಸಾಕು. ಶಾಲೆಯಿಂದ ಸುತ್ತೋಲೆ ಬಂದ ದಿನವೇ ಅದನ್ನು ಕನ್ನಡದಲ್ಲಿ ದನಿ ಮೆಸೇಜ್ ಮಾಡಿ ತಾಯಂದಿರಿಗೆ ಕಳುಹಿಸಬಹುದು. ಮಗುವಿನ ಬಗ್ಗೆಯೇ ಇರುವ ಚೀಟಿಯಾದರೆ ಅದನ್ನು ಊರಿಗೆಲ್ಲ ಹಂಚುವುದು ಬೇಡ, ಆ ತಾಯಿಯ ಜೊತೆ ಶಾಲೆಗೇ ಹೋಗಿ ಬರುವುದು ಒಳ್ಳೆಯದು. ಓಣಂ ಪರೀಕ್ಷೆ ಮುಗಿದ ಮೇಲೆ ಕ್ಲಾಸ್ ಪಿಟಿಎ ಇರುತ್ತದೆ. ಅದನ್ನು ಶನಿವಾರ ಇಡಲು ಆಗುತ್ತದೆಯೇ ಎಂದು ಹೆಡ್‌ಮಾಸ್ಟರರನ್ನು ಈಗಲೇ ಕೇಳಿ ನೋಡೋಣ.

ದಾಸವಾಳದ ಸಂಗತಿ ಅಮ್ಮನಿಗೆ ನಾನು ಇವತ್ತಿನವರೆಗೆ ಹೇಳಿಲ್ಲ. ಇದನ್ನು ಕನ್ನಡದಲ್ಲಿ ಬರೆದಿದ್ದೇನಲ್ಲ, ಇನ್ನು ಅವರೇ ಓದುತ್ತಾರೆ.