ಎಣ್ಣೆಯ ಸೀಸೆಯೂ ಕೂದಲಿನ ಬೇರೂ

ಕೂದಲಿಗೆ ಪೋಷಣೆ ನೀಡುವುದಾಗಿ ಹೇಳಿಕೊಳ್ಳುವ ತೈಲ, ದ್ರವ, ಲೇಪಗಳ ಸಂಖ್ಯೆ ನಮ್ಮ ಅಂಗಡಿಗಳಲ್ಲಿ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಲೇ ಇದೆ. ಅವುಗಳನ್ನು ಕೊಳ್ಳುವವರಲ್ಲಿ ದೊಡ್ಡ ಪಾಲು ಹದಿನೈದರಿಂದ ಇಪ್ಪತ್ತೈದರ ವಯಸ್ಸಿನವರದೆಂಬುದು ಯಾವ ಕಾಲೇಜಿನ ವಿದ್ಯಾರ್ಥಿನಿಲಯದ ಕಿಟಕಿಯ ಗೂಡನ್ನು ನೋಡಿದರೂ ತಿಳಿಯುತ್ತದೆ. ಭೌತಶಾಸ್ತ್ರವನ್ನು ಬೋಧಿಸುವವನಿಗೆ ಕೇಶದ ಗೊಡವೆ ಏಕೆಂದು ಕೆಲವರು ಕೇಳಬಹುದು. ಕೂದಲು ಚರ್ಮದಿಂದ ಹೊರಗೆ ಬಂದ ಕ್ಷಣದಿಂದ ಅದು ಜೀವಶಾಸ್ತ್ರದ ವಸ್ತುವಾಗಿ ಉಳಿಯದೆ ಬಹುಮಟ್ಟಿಗೆ ಭೌತಶಾಸ್ತ್ರದ ವಸ್ತುವಾಗುತ್ತದೆ ಎಂಬುದೇ ನನ್ನ ಉತ್ತರ. ಈ ಒಂದು ಸಂಗತಿಯನ್ನು ಮರೆಮಾಚಿಯೇ ಜಾಹೀರಾತುಗಳು ಬದುಕುತ್ತಿವೆ.

ತಲೆಯ ಚರ್ಮದಲ್ಲಿ ಸುಮಾರು ಒಂದು ಲಕ್ಷ ಕೇಶಕೂಪಗಳುಂಟು. ಪ್ರತಿಯೊಂದೂ ಕೆಲವು ಮಿಲಿಮೀಟರು ಆಳದ ಕಿರುಗುಣಿ. ಅದರ ತಳದಲ್ಲಿ ಗೆಡ್ಡೆಯಂತೆ ಉಬ್ಬಿದ ಬೇರು. ಸೂಕ್ಷ್ಮ ರಕ್ತನಾಳಗಳು ಅಲ್ಲಿಗೆ ಆಹಾರವನ್ನೂ ಆಮ್ಲಜನಕವನ್ನೂ ಒಯ್ಯುತ್ತವೆ. ಬೇರಿನ ಜೀವಕೋಶಗಳು ಬಹು ವೇಗವಾಗಿ ವಿಭಜನೆ ಹೊಂದುತ್ತ, ಹಳೆಯವನ್ನು ಮೇಲಕ್ಕೆ ತಳ್ಳುತ್ತವೆ. ಹೀಗೆ ತಳ್ಳಲ್ಪಟ್ಟ ಕೋಶಗಳು ಕೆರಾಟಿನ್ ಎಂಬ ಗಟ್ಟಿಯಾದ ಪ್ರೋಟೀನನ್ನು ತಮ್ಮೊಳಗೆ ತುಂಬಿಕೊಂಡು, ಚರ್ಮದ ಮೇಲ್ಮೈಯನ್ನು ತಲುಪುವ ಮೊದಲೇ ಸತ್ತುಹೋಗುತ್ತವೆ. ಕ್ಷೌರಿಕನ ಕತ್ತರಿಗೆ ನಾವು ನೋಯದೆ ತಲೆಯೊಡ್ಡುವುದು ಇದರಿಂದಲೇ. ಒಂದು ಕೂದಲು ದಿನಕ್ಕೆ ಬೆಳೆಯುವುದು ಸುಮಾರು 0.35 ಮಿಲಿಮೀಟರು, ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟು. ಅಲ್ಪವೆಂದು ತೋರಿದರೂ, ಒಂದು ಲಕ್ಷದಿಂದ ಗುಣಿಸಿ ನೋಡಿದರೆ ನಮ್ಮ ತಲೆ ದಿನವೊಂದಕ್ಕೆ ಸುಮಾರು 35 ಮೀಟರು ನೂಲನ್ನು ತೆಗೆಯುವ ಗಿರಣಿ. ಗಿರಣಿಗೆ ಹತ್ತಿ ಬರುವುದು ಒಳಗಿನಿಂದ. ನೂತ ನೂಲಿಗೆ ಹೊರಗಿನಿಂದ ಹತ್ತಿಯನ್ನು ತಿನ್ನಿಸಲಾಗದು. ಉಣ್ಣುವುದಕ್ಕೆ ಜೀವವಿರಬೇಕು.

ಈ ನೂಲಿನ ಗುಣಗಳಾದರೋ ಬಹು ಸ್ವಾರಸ್ಯವಾದವು. ಕೆರಾಟಿನ್ನಿನ ನೀಳವಾದ ಅಣುಸರಪಳಿಗಳು ಸುರುಳಿಯಾಗಿ ಸುತ್ತಿಕೊಂಡಿದ್ದು, ಅಕ್ಕಪಕ್ಕದ ಸರಪಳಿಗಳನ್ನು ಗಂಧಕದ ಬಂಧಗಳು ಬಿಗಿದಿರುತ್ತವೆ. ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಆಸ್ಟ್‌ಬರಿ ಎಂಬ ಭೌತವಿಜ್ಞಾನಿ 1930ರ ದಶಕದಲ್ಲಿ ಉಣ್ಣೆ ಮತ್ತು ಕೂದಲುಗಳ ಮೂಲಕ ಎಕ್ಸ್-ಕಿರಣಗಳನ್ನು ಹಾಯಿಸಿ, ಎಳೆದ ಕೂದಲಿನ ಒಳರಚನೆ ಎಳೆಯದ ಕೂದಲಿನದಕ್ಕಿಂತ ಬೇರೆಯಾಗಿರುವುದನ್ನು ಕಂಡನು. ಆ ಸುರುಳಿಯ ನಿಜಸ್ವರೂಪವನ್ನು 1951ರಲ್ಲಿ ಪಾಲಿಂಗ್ ಮತ್ತು ಅವನ ಸಹೋದ್ಯೋಗಿಗಳು ತಿಳಿಸಿದರು. ಇದಕ್ಕೂ ಬಹು ಹಿಂದೆ, 1783ರಲ್ಲಿ, ಜಿನೀವದ ಸೊಸ್ಯೂರ್ ಮನುಷ್ಯನ ಕೂದಲಿನಿಂದಲೇ ಗಾಳಿಯ ಆರ್ದ್ರತೆಯನ್ನು ಅಳೆಯುವ ಉಪಕರಣವನ್ನು ವಿವರಿಸಿದ್ದನು. ಪೂರ್ಣವಾಗಿ ಒಣಗಿದ ಗಾಳಿಯಿಂದ ನೀರಾವಿ ತುಂಬಿದ ಗಾಳಿಗೆ ತಂದರೆ ಕೂದಲು ನೂರಕ್ಕೆ ಸುಮಾರು ಎರಡೂವರೆ ಭಾಗ ಉದ್ದವಾಗುತ್ತದೆ. ಒಣಗಿದ ಒಂದೇ ಒಂದು ಕೂದಲು ಐವತ್ತು ಗ್ರಾಮಿಗೂ ಮಿಕ್ಕಿದ ಭಾರವನ್ನು ತಡೆದೀತು. ನೀರು ಕುಡಿದ ಕೂದಲು ಉಬ್ಬಿ, ಮೆತ್ತಗಾಗಿ, ಸುಲಭವಾಗಿ ಹಿಗ್ಗುತ್ತದೆ. ಮಿಂದು ಬಂದೊಡನೆ ಕಿರುಹಲ್ಲಿನ ಬಾಚಣಿಗೆಯಿಂದ ಸಿಕ್ಕು ಬಿಡಿಸಹೊರಟವರು ತಮ್ಮ ತಲೆಯ ಮೇಲೆ ಮಾಡುತ್ತಿರುವುದು ಸ್ಥಿತಿಸ್ಥಾಪಕತೆಯ ಪ್ರಯೋಗವನ್ನೇ. ಮಿತಿ ಮೀರಿದರೆ ನೂಲು ಹಾಳಾಗುತ್ತದೆ.

ಹಾಗಾದರೆ ಎಣ್ಣೆಯಿಂದ ಪ್ರಯೋಜನವೇ ಇಲ್ಲವೆ? ಉಂಟು. ಅಜ್ಜಿಯರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಕೂದಲಿನ ಹೊರಮೈಯನ್ನು ಮೀನಿನ ಪೊರೆಯಂಥ ಹುರುಪೆಗಳು ಮುಚ್ಚಿರುತ್ತವೆ. ಅವುಗಳ ತೆರೆದ ಅಂಚು ತುದಿಯ ಕಡೆಗೆ. ಒಂದು ಕೂದಲನ್ನು ಬೆರಳುಗಳ ನಡುವೆ ಹಿಡಿದು ಬುಡದಿಂದ ತುದಿಗೆ ಎಳೆದರೆ ನುಣುಪು, ತುದಿಯಿಂದ ಬುಡಕ್ಕೆ ಎಳೆದರೆ ತರಕಲು. ಎಣ್ಣೆ ಈ ಘರ್ಷಣೆಯನ್ನು ತಗ್ಗಿಸುತ್ತದೆ. ಕೊಬ್ಬರಿ ಎಣ್ಣೆಯದು ಇನ್ನೂ ಒಂದು ಹೆಚ್ಚಿನ ಗುಣ. ಅದರ ಅಣುಗಳು ಕೂದಲಿನ ಒಳಕ್ಕೆ ಇಳಿಯಬಲ್ಲವು; ಮೀಯುವ ಮೊದಲು ಹಚ್ಚಿದಾಗ ನೀರಿನಿಂದ ಕೂದಲು ಉಬ್ಬುವುದನ್ನೂ ಪ್ರೋಟೀನು ನಷ್ಟವಾಗುವುದನ್ನೂ ಅದು ಕಡಮೆ ಮಾಡುತ್ತದೆಂದೂ, ಸೂರ್ಯಕಾಂತಿ ಎಣ್ಣೆಯೂ ಖನಿಜತೈಲವೂ ಹಾಗೆ ಮಾಡವೆಂದೂ 2003ರಲ್ಲಿ ಪ್ರಕಟವಾದ ಒಂದು ಸಂಶೋಧನೆ ತೋರಿಸಿತು. ಅದನ್ನು ನಡೆಸಿದವರು ಎಣ್ಣೆ ಮಾರುವ ಉದ್ಯಮದ ಪ್ರಯೋಗಶಾಲೆಯವರೆಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಆದರೂ ಪ್ರಯೋಗದ ಕ್ರಮ ತೆರೆದಿದೆ, ಬೇಕಾದವರು ಪರೀಕ್ಷಿಸಬಹುದು. ಅಂತೂ ಎಣ್ಣೆ ಇರುವ ಕೂದಲನ್ನು ಕಾಪಾಡೀತು. ಇಲ್ಲದ ಕೂದಲನ್ನು ಹುಟ್ಟಿಸುತ್ತದೆ, ನಿಧಾನವಾದುದನ್ನು ಬೇಗ ಬೆಳೆಸುತ್ತದೆ ಎಂಬ ಮಾತು ಬೇರೆ. ಆ ಬೇರೆಯ ಮಾತಿಗೇ ಸೀಸೆಯ ಬೆಲೆಯಲ್ಲಿ ಬಹುಭಾಗ ಸಲ್ಲುತ್ತಿದೆ.

ಬೋಳಿಸಿದರೆ ಕೂದಲು ದಟ್ಟವಾಗಿ ಬರುವುದೆಂಬ ನಂಬಿಕೆಯೂ ಇಂಥದೇ. 1928ರಲ್ಲಿಯೇ ಮಿಲ್‌ಡ್ರೆಡ್ ಟ್ರಾಟರ್ ಎಂಬ ಅಮೆರಿಕದ ವಿಜ್ಞಾನಿ ಅಳೆದು ನೋಡಿ, ಕ್ಷೌರದಿಂದ ಕೂದಲಿನ ದಪ್ಪವೂ ಬೆಳೆವಣಿಗೆಯ ವೇಗವೂ ಬದಲಾಗುವುದಿಲ್ಲವೆಂದು ತೋರಿಸಿದಳು. ಮೊನಚಾದ ತುದಿ ಹೋಗಿ ಮೊಂಡಾದುದು ಮೇಲೆ ಬರುವುದರಿಂದ ಕೈಗೆ ಒರಟಾಗಿ ತೋರುತ್ತದೆ, ಅಷ್ಟೆ.

ಇನ್ನು ವಿದ್ಯಾರ್ಥಿಗಳನ್ನು ಅತಿಯಾಗಿ ಕಾಡುವ ಉದುರುವಿಕೆ. ಪ್ರತಿಯೊಂದು ಕೂದಲೂ ಎರಡರಿಂದ ಆರು ವರ್ಷ ಬೆಳೆದು, ಎರಡು ಮೂರು ವಾರ ಹಿಂಜರಿದು, ಎರಡು ಮೂರು ತಿಂಗಳು ವಿಶ್ರಮಿಸಿ, ಬಳಿಕ ಬಿದ್ದುಹೋಗುತ್ತದೆ. ಅದೇ ಕೂಪದಿಂದ ಹೊಸದು ಏಳುತ್ತದೆ. ಸರಾಸರಿಯಾಗಿ ಒಂದು ಸುತ್ತಿಗೆ 1,200 ದಿನಗಳೆಂದಿಟ್ಟುಕೊಳ್ಳೋಣ. ಒಂದು ಲಕ್ಷವನ್ನು 1,200ರಿಂದ ಭಾಗಿಸಿದರೆ 83. ಬಾಚಣಿಗೆಯಲ್ಲಿ, ದಿಂಬಿನ ಮೇಲೆ, ಬಚ್ಚಲಿನಲ್ಲಿ ಒಟ್ಟು ಎಂಬತ್ತು ಕೂದಲು ಕಂಡರೆ ಅದು ರೋಗವಲ್ಲ, ಭಾಗಾಕಾರ.

ಆದರೆ ಒಮ್ಮೊಮ್ಮೆ ಹಿಡಿಹಿಡಿಯಾಗಿ ಉದುರುವುದೂ ಉಂಟು. ಟೈಫಾಯಿಡ್, ಡೆಂಗ್ಯೂ ಮೊದಲಾದ ತೀವ್ರ ಜ್ವರ, ಶಸ್ತ್ರಚಿಕಿತ್ಸೆ, ಹೆರಿಗೆ, ಅನ್ನ ಬಿಟ್ಟು ಮೈ ಇಳಿಸುವ ಹಟ, ಇವುಗಳಿಂದ ಬಹುಸಂಖ್ಯೆಯ ಕೂಪಗಳು ಒಟ್ಟಿಗೆ ವಿಶ್ರಾಂತಿಗೆ ಹೋಗುತ್ತವೆ. ಉದುರುವಿಕೆ ಕಾಣಿಸುವುದು ಎರಡು ಮೂರು ತಿಂಗಳ ಬಳಿಕ. 2020 ಮತ್ತು 2021ರಲ್ಲಿ ಕೋವಿಡ್ ಬಂದು ಹೋದ ಅನೇಕರು ಇದನ್ನು ಅನುಭವಿಸಿದರು. ಕಾರಣಕ್ಕೂ ಕಾರ್ಯಕ್ಕೂ ನಡುವೆ ಇಷ್ಟು ಅಂತರವಿರುವುದರಿಂದ ಜ್ವರ ಮರೆತುಹೋಗಿ, ಊರಿನ ನೀರೋ ಹಾಸ್ಟೆಲಿನ ಊಟವೋ ಅಪರಾಧಿಯಾಗುತ್ತದೆ. ಗಾಬರಿಗೊಂಡವರು ಒಂದು ತೈಲವನ್ನು ಕೊಳ್ಳುತ್ತಾರೆ. ಈ ಬಗೆಯ ಉದುರುವಿಕೆಯಾದರೋ ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗಿಯೇ ನಿಲ್ಲುವಂಥದು. ನಿಂತಾಗ ಕೀರ್ತಿ ತೈಲಕ್ಕೆ! ಎಣ್ಣೆ ಹಚ್ಚಿದವರನ್ನೂ ಹಚ್ಚದವರನ್ನೂ ಹೋಲಿಸದೆ ಇಂಥ ನಿರ್ಣಯಕ್ಕೆ ಬರಬಾರದೆಂದು ಪ್ರಯೋಗಶಾಲೆಯಲ್ಲಿ ಕಲಿತ ವಿದ್ಯಾರ್ಥಿ, ಅಂಗಡಿಯ ಮುಂದೆ ನಿಂತಾಗ ಅದನ್ನು ಮರೆಯುವುದು ನನಗೆ ಖೇದಕರವಾಗಿ ತೋರುತ್ತದೆ.

ಹಣ ಹೋಯಿತೆಂಬುದಷ್ಟೇ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆಯುಂಟು. ಕೂದಲು ತೆಳುವಾಗುವುದಕ್ಕೆ ಕಬ್ಬಿಣದ ಕೊರತೆಯೂ, ಕಂಠದ ಥೈರಾಯಿಡ್ ಗ್ರಂಥಿಯ ವಿಕಾರವೂ ಕಾರಣವಾಗಬಲ್ಲವು. ದೇಹ ಕೊಡುವ ಇಂಥ ಸೂಚನೆಯನ್ನು ಸೀಸೆಯೊಂದು ತಿಂಗಳುಗಟ್ಟಲೆ ಮುಚ್ಚಿಡುವುದಾದರೆ ಅದನ್ನು ನಿರುಪದ್ರವಿಯೆಂದು ಕರೆಯಲು ನಾನು ಒಪ್ಪಲಾರೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಗುಳಿಗೆಯನ್ನು ಬೆಂಚಿನಡಿಗೆ ಎಸೆದು, ಸಂಜೆ ಕೇಶವರ್ಧಿನಿ ತೈಲಕ್ಕೆ ದುಡ್ಡು ಕೂಡಿಸುವವರೂ ಉಂಟು. ಕೂದಲಿನ ಬೇರಿಗೆ ದಾರಿಯಿರುವುದು ರಕ್ತದ ಮೂಲಕ. ಬೇಳೆ, ಮೊಳಕೆಕಾಳು, ಸೊಪ್ಪು, ಹಾಲು, ತಿನ್ನುವವರಿಗೆ ಮೊಟ್ಟೆ ಮೀನುಗಳು ಅಲ್ಲಿಗೆ ತಲುಪುತ್ತವೆ. ಉದುರುವಿಕೆ ಮಿತಿ ಮೀರಿದೆಯೆಂದು ಅನುಮಾನವಾದರೆ ಮೊದಲು ಮಾಡಿಸಬೇಕಾದುದು ಹಿಮೋಗ್ಲೋಬಿನ್ ಪರೀಕ್ಷೆ. ಸರಕಾರಿ ಆಸ್ಪತ್ರೆಯಲ್ಲಿ ಅದು ಕಷ್ಟದ ಕೆಲಸವಲ್ಲ. ವೈದ್ಯರನ್ನು ಕೇಳದೆ ವಿಟಮಿನ್ ಗುಳಿಗೆಗಳನ್ನು ನುಂಗುವುದೂ ಜಾಣತನವಲ್ಲ. ‘ಎ’ ವಿಟಮಿನ್ ಅತಿಯಾದರೆ ಅದರಿಂದಲೇ ಕೂದಲು ಉದುರುತ್ತದೆ.

ಹುಡುಗರಲ್ಲಿ ನೆತ್ತಿ, ಹಣೆಯ ಅಂಚುಗಳು ಬರಿದಾಗುವುದು ಬಹುಮಟ್ಟಿಗೆ ವಂಶದಿಂದಲೂ ಹಾರ್ಮೋನಿನಿಂದಲೂ ಬರುವಂಥದು. ರಕ್ತದೊತ್ತಡಕ್ಕೆಂದು ಮೊದಲು ಬಳಕೆಗೆ ಬಂದ ಮಿನಾಕ್ಸಿಡಿಲ್ ಮೊದಲಾದ ಒಂದೆರಡು ಔಷಧಗಳು ಅದನ್ನು ಸ್ವಲ್ಪಮಟ್ಟಿಗೆ ತಡೆಯಬಲ್ಲವು. ಅವನ್ನು ಬಳಸುವ ನಿರ್ಣಯ ವೈದ್ಯರದು. ತಲೆಹೊಟ್ಟಿಗೆ ಚರ್ಮದ ಜಿಡ್ಡನ್ನುಂಡು ಬಾಳುವ ಒಂದು ಸೂಕ್ಷ್ಮ ಶಿಲೀಂಧ್ರದ ಪಾತ್ರವುಂಟು; ಅಂಥ ತಲೆಗೆ ಮತ್ತೆ ಮತ್ತೆ ಎಣ್ಣೆ ಸುರಿಯುವುದು ಅದಕ್ಕೆ ಔತಣವಿಟ್ಟಂತೆ. ಸೀಗೆಕಾಯಿಯಿಂದಲೋ ಶಾಂಪೂವಿನಿಂದಲೋ ತೊಳೆಯುವುದು ಮೇಲು. ಜಡೆಯನ್ನು ಚರ್ಮ ಜಗ್ಗುವಷ್ಟು ಬಿಗಿದು ಕಟ್ಟುವುದು ವರ್ಷಗಟ್ಟಲೆ ನಡೆದರೆ ಬೇರೇ ಕೆಡುತ್ತದೆ.

ನಮ್ಮ ಕಾಲೇಜುಗಳು ಈ ವಿಷಯವನ್ನು ಪ್ರಯೋಗಶಾಲೆಗೆ ತರಬೇಕೆಂದು ನನ್ನ ಸಲಹೆ. ವೆಚ್ಚ ಏನೂ ಇಲ್ಲ. ಕೆಂಪು ಲೇಸರಿನ ದಾರಿಯಲ್ಲಿ ಒಂದು ಕೂದಲನ್ನು ನೆಟ್ಟಗೆ ಹಿಡಿದು ಎರಡು ಮೀಟರು ದೂರದ ಗೋಡೆಯನ್ನು ನೋಡಿದರೆ ವಿವರ್ತನೆಯ ಪಟ್ಟೆಗಳು ಕಾಣುತ್ತವೆ. ಬೆಳಕಿನ ಅಲೆಯುದ್ದ 650 ನ್ಯಾನೋಮೀಟರು, ನಡುವಿನಿಂದ ಮೊದಲ ಕಪ್ಪು ಪಟ್ಟೆಗೆ ಸುಮಾರು 1.9 ಸೆಂಟಿಮೀಟರು ಇದ್ದರೆ, ಕೂದಲಿನ ದಪ್ಪ 70 ಮೈಕ್ರೋಮೀಟರಿಗೆ ಸಮೀಪ. ಲೇಸರಿನ ಕಡೆಗೆ ಕಣ್ಣಿಟ್ಟು ನೋಡಬಾರದೆಂಬುದನ್ನು ಮಾತ್ರ ಮೊದಲೇ ಹೇಳಿರಬೇಕು. ಬಳಿಕ ಉದ್ದ ಜಡೆಯವರೊಬ್ಬರಿಂದ 60 ಸೆಂಟಿಮೀಟರಿನ ಉದುರಿದ ಕೂದಲೊಂದನ್ನು ಬೇಡಿ ತಂದು, ಅದರ ಬುಡವನ್ನೂ ತುದಿಯನ್ನೂ ಸೂಕ್ಷ್ಮದರ್ಶಕದಡಿ ಇರಿಸಿ. ತಿಂಗಳಿಗೆ ಒಂದು ಸೆಂಟಿಮೀಟರಿನ ಲೆಕ್ಕದಲ್ಲಿ ಆ ತುದಿ ಬುಡಕ್ಕಿಂತ ಐದು ವರ್ಷ ಹಿರಿಯದು. ಬುಡದಲ್ಲಿ ಒತ್ತಾಗಿ ಮಲಗಿರುವ ಹುರುಪೆಗಳು ತುದಿಯ ಹತ್ತಿರ ಎಷ್ಟು ಉಳಿದಿವೆಯೆಂಬುದನ್ನು ವಿದ್ಯಾರ್ಥಿಗಳೇ ಎಣಿಸಿ ಬರೆದುಕೊಳ್ಳಲಿ.