ನಿಕ್ಕಿ ಹೇಲಿಗೆ ತವರುಮನಿ ವೋಟು ಸಿಗ್ತದೇನು?

2024ರಾಗ ಸಂಕ್ರಾಂತಿಯಿಂದ ರಥಸಪ್ತಮಿ ತನಕಾ ಅರಿಶಿಣ-ಕುಂಕುಮಕ್ಕ ಹೋದಲ್ಲೆಲ್ಲಾ ಎರಡ ಮಾತು ಇದ್ವು. ಒಂದು ಅಯೋಧ್ಯಾ, ಇನ್ನೊಂದು ಅಮೇರಿಕಾದ ಎಲೆಕ್ಷನ್. ಮನಿಗೊಬ್ಬರು ಅಲ್ಲಿ ಇರೋದರಿಂದ ಅದೂ ನಮ್ಮ ಓಣಿ ಸುದ್ದಿನ ಆಗ್ಯದ. “ನಮ್ಮ ಹುಡುಗಿ ನಿಂತಾಳ, ಗೆಲ್ತಾಳ ನೋಡ್ರಿ” ಅಂತ ಮಾಮಿಯವರು. “ಎಲ್ಲಿ ಗೆಲ್ತಾಳ್ರಿ, ಮರ್ಯಾದಿಯಿಂದ ಬಿಟ್ಟು ಮನಿಗೆ ಹೋಗೋದು ಛಲೋ” ಅಂತ ವೈನಿಯವರು. ನನಗ ಎರಡೂ ಮಾತು ಪೂರಾ ಒಪ್ಪಿಗಿ ಇಲ್ಲ. ನನ್ನ ಅಭಿಪ್ರಾಯ ಮೊದಲ ಹೇಳಿಬಿಡ್ತೇನಿ: ನಿಕ್ಕಿ ಹೇಲಿಗೆ 2024ರಾಗ ರಿಪಬ್ಲಿಕನ್ ಪಕ್ಷದ ಟಿಕೆಟ್ ಸಿಗೂ ಹಂಗ ಇರಲಿಲ್ಲ. ಆದ್ರ ಫೆಬ್ರುವರಿಯಾಗ ಅಕಿ ಕಣ ಬಿಟ್ಟು ಹೋಗೋದೂ ಸರಿ ಇರಲಿಲ್ಲ.

ಮೊದಲ ಲೆಕ್ಕ ನೋಡೋಣ. 2024ರ ನವೆಂಬರ್ ತಿಂಗಳದಾಗ ಇದ್ದದ್ದು ದೊಡ್ಡ ಚುನಾವಣಿ. ಅದಕ್ಕೂ ಮೊದಲ ನಡದಿದ್ದು ಪಕ್ಷದ ಮನಿಯೊಳಗಿನ ಚುನಾವಣಿ. ಒಂದೊಂದು ರಾಜ್ಯದ ಮಂದಿ ವೋಟು ಹಾಕಿ ತಮ್ಮ ಪ್ರತಿನಿಧಿಗಳನ್ನ ಆರಿಸ್ತಾರ. ಆ ವರ್ಷ ರಿಪಬ್ಲಿಕನ್ ಪಕ್ಷಕ್ಕ ಅಂಥ 2429 ಪ್ರತಿನಿಧಿಗಳಿದ್ದರು, 1215 ಆದವರಿಗೆ ಟಿಕೆಟ್. ಜನವರಿ 15ಕ್ಕ ಅಯೋವಾದಾಗ ಟ್ರಂಪ್ ಅವರಿಗೆ ನೂರಕ್ಕ 51, ಡಿಸ್ಯಾಂಟಿಸ್‌ಗೆ 21, ಹೇಲಿಗೆ 19. ಡಿಸ್ಯಾಂಟಿಸ್ ಕಣ ಬಿಟ್ಟು ಟ್ರಂಪ್ ಕಡೆ ಹೋದರು. 23ಕ್ಕ ನ್ಯೂ ಹ್ಯಾಂಪ್‌ಶೈರ್‌ನಾಗ ಟ್ರಂಪ್ 54, ಹೇಲಿ 43. ಹಾಲಿ ಅಧ್ಯಕ್ಷರು ನಿಂತಾಗಿನ ಮಾತು ಬಿಟ್ರ, ಈ ಎರಡೂ ರಾಜ್ಯ ಗೆದ್ದ ರಿಪಬ್ಲಿಕನ್ ಇವರೊಬ್ಬರ.

“43 ಅಂದ್ರ ಕಡಿಮಿ ಏನವಾ?” ಅಂತ ಮಾಮಿ ಕೇಳ್ತಾರ. ಕಡಿಮಿ ಅಲ್ಲ ಖರೆ, ಆದ್ರ ಆ 43 ಎಲ್ಲಿಂದ ಬಂತು ಅದನ್ನ ನೋಡಬೇಕು. ನ್ಯೂ ಹ್ಯಾಂಪ್‌ಶೈರ್‌ನಾಗ ಯಾವ ಪಕ್ಷಕ್ಕೂ ಹೆಸರು ಬರೆಸದವರು ಸುದ್ದಾ ಬಂದು ವೋಟು ಹಾಕಬಹುದು. ಹೇಲಿ ಬುಟ್ಟಿ ತುಂಬಿಸಿದವರು ಅವರ. ಪಕ್ಷಕ್ಕ ಹೆಸರು ಬರೆಸಿದವರೊಳಗ ನಾಕು ಮಂದ್ಯಾಗ ಮೂರು ಮಂದಿ ಟ್ರಂಪ್ ಕಡೆ. ನೆರೆಮನಿಯವರೆಲ್ಲಾ “ನಿಮ್ಮ ಸೊಸಿ ಭಾಳ ಛಲೋ” ಅಂದ್ರೂ ಅತ್ತಿ ಒಪ್ಪಲಿಲ್ಲ ಅಂದ್ರ ಆ ಮನ್ಯಾಗ ಕೀಲಿಕೈ ಸಿಗೂದಿಲ್ಲ ನೋಡ್ರಿ, ಹಂಗ.

ನೆವಾಡಾದ್ದಂತೂ ಕೇಳಿದ್ರ ನಗಬೇಕೋ ಅಳಬೇಕೋ ತಿಳಿಯೂದಿಲ್ಲ. ಅಲ್ಲಿ ಫೆಬ್ರುವರಿ 6ಕ್ಕ ಸರ್ಕಾರದ ಚುನಾವಣಿ, ಎರಡು ದಿನ ಬಿಟ್ಟು ಪಕ್ಷದವರದು ಬ್ಯಾರೆ ಸಭಾ. ಪ್ರತಿನಿಧಿಗಳು ಸಿಗೋದು ಸಭಾದಾಗ ಅಷ್ಟ. ಟ್ರಂಪ್ ಸಭಾಕ್ಕ ಹೆಸರು ಕೊಟ್ಟರು, ಹೇಲಿ ಚುನಾವಣಿಗೆ. ಟ್ರಂಪ್ ಹೆಸರ ಇಲ್ಲದ ಆ ಚುನಾವಣ್ಯಾಗ “ಇವರಲ್ಲಿ ಯಾರೂ ಬ್ಯಾಡ” ಅನ್ನೋ ಗುಂಡಿಗೆ 63, ಹೇಲಿಗೆ 30. ನಮ್ಮ ನೋಟಾ ಇದ್ದಂಗ. ಎದುರಿಗೆ ಮನುಷ್ಯಾರ ಇಲ್ಲದ ಕಡೆ ಸೋಲೋದು ಅಂದ್ರ ಆ ರಾಜ್ಯದ ಪಕ್ಷದವರು ಎಷ್ಟು ಗಟ್ಟಿ ಆಗಿ ಒಬ್ಬರ ಕಡೆ ನಿಂತಾರ ಅನ್ನೋದು ತಿಳೀತದ.

ಆಮ್ಯಾಲೆ ಫೆಬ್ರುವರಿ 24ಕ್ಕ ಸೌತ್ ಕೆರೊಲೈನಾ, ಅಕಿ ತವರುಮನಿ. ಬ್ಯಾಂಬರ್ಗ್ ಅನ್ನೋ ಸಣ್ಣ ಊರಾಗ 1972ರಾಗ ಹುಟ್ಟಿದಾಕಿ. ಅಪ್ಪ-ಅವ್ವ ಪಂಜಾಬದ ಸಿಖ್ಖರು, ಅಪ್ಪ ಪಗಡಿ ಸುತ್ತೋ ಮಾಸ್ತರು, ಅವ್ವಂದು ಅರಿವಿ ಅಂಗಡಿ. ಹದಿಮೂರು ವರ್ಷದಾಕಿ ಇದ್ದಾಗನ ಆ ಅಂಗಡಿ ಲೆಕ್ಕದ ಪುಸ್ತಕ ಬರೀತಿದ್ದಳಂತ. 2010ರಾಗ ರಾಜ್ಯಪಾಲ ಹುದ್ದೆಕ್ಕ ನಿಂತಳು. ಅಲ್ಲಿ ರಾಜ್ಯಪಾಲ ಅಂದ್ರ ನಮ್ಮ ಮುಖ್ಯಮಂತ್ರಿ ಇದ್ದಂಗ. ನಾಕು ಮಂದಿ ಉಮೇದುವಾರರೊಳಗ ಇಕಿ ಕಡೀಕ ಇದ್ದಳು. ಶೀಲದ ಮ್ಯಾಲೆ ಮಾತು ಬಂದ್ವು, ಅಪ್ಪನ ಪಗಡಿ ಹಿಡದು ಒಬ್ಬ ಸೆನೆಟರ್ ಬೈದಾ. ಅದೆಲ್ಲಾ ದಾಟಿ ಗೆದ್ದಳು. “ಆವಾಗ ಗೆದ್ದಾಕಿ ಈಗ ಯಾಕ ಗೆಲ್ಲೂದಿಲ್ಲ?” ಅನ್ನೋದು ಮಾಮಿಯವರ ದೊಡ್ಡ ವಾದ.

ಯಾಕಂದ್ರ ಆವಾಗ ಗಾಳಿ ಅಕಿ ಬೆನ್ನಿಗಿತ್ತು. ಹಳೇ ಪುಢಾರಿಗಳ ಮ್ಯಾಲೆ ಸಿಟ್ಟಿಗೆದ್ದ ಟೀ ಪಾರ್ಟಿ ಮಂದಿ ಅಕಿ ಕಡೆ, ಸಾರಾ ಪೇಲಿನ್ ಬಂದು ಬೆಂಬಲ ಕೊಟ್ಟಿದ್ದರು. 2024ರಾಗ ಅದ ಸಿಟ್ಟಿನ ಮಂದಿ ಟ್ರಂಪ್ ಹಿಂದ ಇದ್ದರು. ಅವತ್ತು ಹೊಸಬಳು ಅನಿಸಿದ್ದಾಕಿ ಇವತ್ತು ಅವರ ಕಣ್ಣಿಗೆ ಹಳಬಳು. ಊರ ಮಂದೀನ ನೋಡ್ರಿ: 2012ರಾಗ ಟಿಮ್ ಸ್ಕಾಟ್ ಅವರನ್ನ ಸೆನೆಟ್‌ಗೆ ನೇಮಿಸಿದಾಕಿ ಇಕಿ, ಅವರ 2024ರ ಜನವರಿಯಾಗ ಟ್ರಂಪ್ ವೇದಿಕಿ ಹತ್ತಿ ನಿಂತರು. ಆಗಿನ ರಾಜ್ಯಪಾಲರೂ ಆ ಕಡೇನ ಇದ್ದರು. ಮತ್ತ ಆ ಸಲ ಅಲ್ಲಿ 50 ಪ್ರತಿನಿಧಿಗಳೊಳಗ 29 ಇಡೀ ರಾಜ್ಯ ಗೆದ್ದವರಿಗೆ, ಉಳಿದದ್ದು ಏಳು ಕ್ಷೇತ್ರಕ್ಕ ಮೂರು-ಮೂರರಂಗ. ಎರಡನೇ ನಂಬರ್ ಬಂದವರಿಗೆ ಬರೇ ಎಳ್ಳು, ಬೆಲ್ಲ ಇಲ್ಲ.

ಹಂಗಾದ್ರ ವೈನಿ ಹೇಳಿದಂಗ ಬಿಟ್ಟು ಹೋಗಬೇಕಿತ್ತೇನು? ಬ್ಯಾಡ ಅಂತೇನಿ, ಮೂರು ಕಾರಣಕ್ಕ.

ಒಂದು, ಆಗಿನ್ನೂ ಹತ್ತರಾಗ ಒಂಬತ್ತು ಪಾಲಿಗಿಂತ ಹೆಚ್ಚು ಪ್ರತಿನಿಧಿಗಳ ಆಯ್ಕೆ ಆಗೇ ಇರಲಿಲ್ಲ. ಮಾರ್ಚ್ 5ಕ್ಕ ಒಂದ ದಿನ 15 ರಾಜ್ಯದಾಗ ವೋಟು ಇತ್ತು, ಒಟ್ಟು ಪ್ರತಿನಿಧಿಗಳ ಮೂರನೇ ಒಂದು ಪಾಲು ಅವತ್ತ. ಮೂರು ರಾಜ್ಯದ ಮಂದಿ ಹೇಳಿದ್ದಕ್ಕ ಉಳಿದ ರಾಜ್ಯದವರ ಬಾಯಿ ಯಾಕ ಮುಚ್ಚಬೇಕಿತ್ತು?

ಎರಡು, ಆವಾಗ ಟ್ರಂಪ್ ಮ್ಯಾಲೆ ನಾಕು ಕೇಸಿನೊಳಗ 91 ಆರೋಪ ಇದ್ವು. ಕೊಲರಾಡೊದಾಗ ಅವರ ಹೆಸರ ಮತಪತ್ರದಾಗ ಇರಬೇಕೋ ಬ್ಯಾಡೋ ಅಂತ ಫೆಬ್ರುವರಿ 8ಕ್ಕ ಸುಪ್ರೀಂ ಕೋರ್ಟಿನಾಗ ವಾದ ಆಗಿತ್ತು. “ಏನರೆ ಆದ್ರ ಟಿಕೆಟ್ ಅಕಿಗೇ ಬರ್ತದ” ಅಂತ ಕೆಲವರ ಆಶಾ ಇತ್ತು. ಆ ಆಶಾ ನನಗಿರಲಿಲ್ಲ. ಜುಲೈದಾಗ ಮಿಲ್ವಾಕಿ ಅಧಿವೇಶನಕ್ಕ ಹೋಗೋ ಪ್ರತಿನಿಧಿಗಳು ಟ್ರಂಪ್ ಮಂದೀನ ಆಗಿದ್ದರು, ಅವರು ಬ್ಯಾರೆ ಯಾರನ್ನರೆ ಹುಡಕ್ತಿದ್ದರು ಹೊರತು ಇಕಿನ್ನ ಕರೀತಿರಲಿಲ್ಲ. ಆದ್ರ ಪಕ್ಷದ ಎದುರಿಗೆ ಇನ್ನೊಂದು ಹೆಸರು ಇದ್ರ, ಬ್ಯಾಡ ಅನ್ನೋ ರಿಪಬ್ಲಿಕನ್ನರು ಎಷ್ಟು ಮಂದಿ ಅಂತ ಎಣಿಕಿಯಾಗ ಕಾಣಸ್ತದ. ಮನ್ಯಾಗ ಕುಂತವರನ್ನ ಯಾರೂ ಎಣಸೂದಿಲ್ಲ.

ಮೂರನೇದು ಹೇಳಲಿಕ್ಕೇ ನಾ ಇದನ್ನ ಬರೀಲಿಕ್ಕೆ ಕೂತೇನಿ. ಫೆಬ್ರುವರಿ 10ಕ್ಕ ಟ್ರಂಪ್ ಅಕಿ ರಾಜ್ಯಕ್ಕೇ ಹೋಗಿ ಸಭಾದಾಗ ಕೇಳಿದರು: ಗಂಡ ಎಲ್ಲಿ ಅದಾನ, ಕಾಣಸವಲ್ಲ? ಗಂಡ ಮೈಕಲ್ ಹೇಲಿ ನ್ಯಾಷನಲ್ ಗಾರ್ಡ್ ಸೈನಿಕರು, 2023ರ ಜೂನ್‌ದಿಂದ ಆಫ್ರಿಕಾದಾಗ ಡ್ಯೂಟಿ ಮ್ಯಾಲೆ ಇದ್ದರು. ಅಕ್ಕಗೋಳ್ರಾ, ಈ ಪ್ರಶ್ನಿ ನಮಗ ಹೊಸದೇನು? ಗಂಡ ಫೌಜಿನಾಗ ಇರಲಿ, ದುಬೈದಾಗ ಇರಲಿ, ಹೆಣಮಗಳು ಒಬ್ಬಾಕಿನ ಮುಂದ ಬಂದು ನಿಂತ್ರ ಮಂದಿ ಮೊದಲ ಕೇಳೋದು ಇದನ್ನ. ಹಕ್ಕಿ ಬುದ್ಧಿಯಾಕಿ ಅಂದರು, ಅಪ್ಪ-ಅವ್ವ ಇಟ್ಟ ನಿಮ್ರತಾ ಅನ್ನೋ ಹೆಸರನ್ನ ಕೆಡಿಸಿ ಕೆಡಿಸಿ ಬರದರು. ಇದರ ಮರುದಿನ ಬಿಟ್ಟು ಹೋಗಿದ್ರ ಆ ಪ್ರಶ್ನಿ ಗೆದ್ದಂಗ ಆಗ್ತಿತ್ತು. ವೋಟಿನಾಗ ಸೋತು ಹೋಗೋದು ಬ್ಯಾರೆ, ಕುಹಕಕ್ಕ ಅಂಜಿ ಹೋಗೋದು ಬ್ಯಾರೆ. 1964ರಾಗ ಮಾರ್ಗರೆಟ್ ಚೇಸ್ ಸ್ಮಿತ್ ಅನ್ನೋ ಸೆನೆಟರ್ ಇದ ಪಕ್ಷದಾಗ ಟಿಕೆಟ್ ಕೇಳಿ ಅಧಿವೇಶನದ ತನಕಾ ನಿಂತರು. ಸಿಕ್ಕದ್ದು 27 ವೋಟು. ಸೋತರು ಖರೆ, ದೊಡ್ಡ ಪಕ್ಷದ ಅಧಿವೇಶನದಾಗ ಅಧ್ಯಕ್ಷ ಪದವಿಗೆ ಹೆಸರು ಮಂಡನೆ ಆದ ಮೊದಲನೇ ಹೆಂಗಸು ಅಂತ ಇವತ್ತಿಗೂ ಅವರ ಹೆಸರ ತಗೋತಾರ.

ಹಂಗಂತ “ನಮ್ಮ ಹುಡುಗಿ” ಅಂತ ಆರತಿ ಎತ್ತೋದೂ ನನಗ ಸೇರೂದಿಲ್ಲ. ಅಕಿ ಪಕ್ಕಾ ಸಂಪ್ರದಾಯಸ್ಥ ರಾಜಕಾರಣಿ. 2015ರಾಗ ಚಾರ್ಲ್ಸ್‌ಟನ್ ಚರ್ಚಿನಾಗ ಒಂಬತ್ತು ಮಂದಿ ಕರಿಯರನ್ನ ಗುಂಡಿಕ್ಕಿ ಕೊಂದ ಮ್ಯಾಲೆ ಗುಲಾಮಗಿರಿ ಕಾಲದ ಆ ಬಾವುಟ ಶಾಸನಸಭಾ ಅಂಗಳದಿಂದ ಇಳಿಸಿದ್ದು ಅಕಿ ದೊಡ್ಡ ಕೆಲಸ. ಆದ್ರ 2023ರ ಡಿಸೆಂಬರ್‌ದಾಗ ಅಂತರ್ಯುದ್ಧ ಯಾಕಾತು ಅಂತ ಕೇಳಿದ್ರ ಗುಲಾಮಗಿರಿ ಅನ್ನೋ ಶಬ್ದಾನ ಬಾಯಿಗೆ ಬರಲಿಲ್ಲ, ಮರುದಿನ ತಿದ್ದಿಕೊಂಡಳು. 20 ವಾರದ ಮ್ಯಾಲೆ ಗರ್ಭಪಾತ ಬ್ಯಾಡ ಅನ್ನೋ ಕಾಯ್ದೆಗೆ 2016ರಾಗ ಸಹಿ ಹಾಕಿದಾಕಿ ಅಕೀನ. ಮತ್ತ ಮಗಂದು ಗ್ರೀನ್ ಕಾರ್ಡ್ ಲಗೂ ಆಗ್ತದ ಅಂತ ಆಶಾ ಇಟ್ಟವರಿಗೆ ಒಂದು ಮಾತು: ಒಂದು ದೇಶದವರಿಗೆ ನೂರಕ್ಕ 7ಕ್ಕಿಂತ ಹೆಚ್ಚು ಇಲ್ಲ ಅನ್ನೋದು ಅವರ ಸಂಸತ್ತಿನ ಕಾಯ್ದೆ. ಯಾವ ಹುಡುಗಿ, ಯಾವ ಅಜ್ಜ ಅಧ್ಯಕ್ಷರಾದ್ರೂ ಒಬ್ಬರ ಕೈಯಾಗ ಅದು ಬದಲಾಗೂದಿಲ್ಲ.

ಅಲ್ಲಿ ಸಿಟಿಜನ್ ಆದ ನಮ್ಮ ಹುಡುಗ್ಯಾರು, ಸೊಸಿಯಂದ್ರು ಇದನ್ನ ಓದಿದ್ರ ಕೇಳ್ರಿ. ಟೆಕ್ಸಾಸ್, ವರ್ಜೀನಿಯಾ ಕಡೆ ಇದ್ದವರು 2024ರ ಮಾರ್ಚ್ 5ಕ್ಕ ಪಕ್ಷಕ್ಕ ಹೆಸರು ಬರೆಸದಿದ್ದರೂ ವೋಟು ಹಾಕಬಹುದಿತ್ತು, ಕ್ಯಾಲಿಫೋರ್ನಿಯಾದಾಗ ರಿಪಬ್ಲಿಕನ್ ಅಂತ ಬರೆಸಿದವರಿಗೆ ಅಷ್ಟ. ಅಕಿಗೇ ಹಾಕ್ರಿ ಅಂತ ನಾ ಹೇಳೂದಿಲ್ಲ. ಅಕಿ ಏನು ಮಾಡ್ಯಾಳ, ಏನು ಮಾಡ್ತೇನಿ ಅಂತಾಳ ಅದನ್ನ ತೂಗಿ ನೋಡಿ, ನಿಮ್ಮ ಮನಸ್ಸಿಗೆ ಬಂದವರಿಗೆ ಹಾಕ್ರಿ. ಗಂಡ ಎಲ್ಲಿ ಅದಾನ ಅನ್ನೋದು ಮಾತ್ರ ಆ ತೂಕದಾಗ ಬರಬಾರದು.